ಗೂಡಿನಲ್ಲಿಟ್ಟ ಸೀಸೆ

ಬಾವಿಕಟ್ಟೆಯಲ್ಲಿ ಮುಖ ತೊಳೆದು ಬಂದ ಜಗದಾಂಬಾ ಕೋಣೆಯ ಗೂಡಿಗೆ ಕೈ ಹಾಕಿದಳು. ಸೀಸೆ ಇರಲಿಲ್ಲ.

ಕತ್ತಲೆ ಕೋಣೆ, ಕೈಗೆ ಸಿಗಲಿಲ್ಲವೇನೋ ಎಂದುಕೊಂಡು ಕಿಟಕಿಯ ಬಾಗಿಲು ತೆರೆದು ನೋಡಿದಳು. ಗೂಡು ಖಾಲಿಯಾಗಿತ್ತು. ಬರಿಯ ಖಾಲಿಯೂ ಅಲ್ಲ, ಯಾರೋ ಒಳಗೆಲ್ಲ ಕೆಮ್ಮಣ್ಣು ಸಾರಿಸಿದ್ದರು. ಹಸಿ ಇನ್ನೂ ಆರಿರಲಿಲ್ಲ. ಬೆರಳಿಗೆ ಮಣ್ಣು ಮೆತ್ತಿಕೊಂಡಿತು.

ಆ ಸೀಸೆ ಏನೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಗಲ ಬಾಯಿಯ ಗಾಜಿನ ಸೀಸೆ, ಬಿರಡೆ ಮುಚ್ಚಳ. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಬಿಳಿಯ ಗಾರೆಯಂಥದು ಗಟ್ಟಿಯಾಗಿ ಕೂತಿತ್ತು, ಅದರೊಳಗೆ ವಿಷ. ಹುಳುವನ್ನು ಹಾಕಿ ಬಿರಡೆ ಒತ್ತಿದರೆ ಅದು ಒಂದೆರಡು ಸಲ ರೆಕ್ಕೆ ಬಡಿದು ಸುಮ್ಮನಾಗುತ್ತಿತ್ತು. ಶಿಬಿರದ ಮೊದಲ ದಿನ ಪ್ರೊಫೆಸರು ಒಂದು ಜೇನುನೊಣವನ್ನು ಹಾಗೆ ಕೊಂದು ತೋರಿಸಿ, "ಇದರಲ್ಲಿರೋದು ನಿಮ್ಮ ಬೆಂಚು ಪೂರ್ತಿ ಮಲಗಿಸುತ್ತೆ. ಸಾಯಂಕಾಲ ಒಂದೊಂದು ಸೀಸೆಯೂ ಛತ್ರದ ಟ್ರಂಕಿನೊಳಗೆ ಬೀಗ ಹಾಕ್ಕೊಂಡು ಕೂತಿರಬೇಕು. ಒಂದು ಕಳೆದರೂ ಅವತ್ತಿಗೆ ಶಿಬಿರ ಮುಗೀತು, ಕಳೆದೋರ ಓದೂ ಮುಗೀತು" ಎಂದಿದ್ದರು. ಹುಡುಗರು ನಕ್ಕಿದ್ದರು. ಜಗದಾಂಬಾ ನಕ್ಕಿರಲಿಲ್ಲ.

ಅವಳು ನಗದೆ ಇದ್ದದ್ದಕ್ಕೆ ಕಾರಣವಿತ್ತು. ಕೆಂಗೇರಿಯ ಸುತ್ತಿನ ಸರ್ವೆ ತೋಪುಗಳಿಗೂ ತುರಹಳ್ಳಿ ಕಡೆಯ ಜಾಲಿ ಕಾಡಿಗೂ ಆಗ ಹತ್ತಿ ಹುಳ ಬಿದ್ದಿತ್ತು. ಕಡಲಾಚೆಯ ಯಾವುದೋ ದೇಶದಿಂದ ಗಿಡಗಳ ಜೊತೆ ಬಂದು, ಊಟಿಯ ಬೆಟ್ಟ ಇಳಿದು, ಇಲ್ಲಿಯವರೆಗೆ ತಲುಪಿದ್ದ ಹುಳು ಅದು. ರೆಂಬೆಗೆ ಅಂಟಿಕೊಂಡು ರಸ ಹೀರುತ್ತದೆ, ಮೈಮೇಲೆ ಹತ್ತಿ ಹಿಂಜಿಟ್ಟಂತೆ ಬೆಳ್ಳಗೆ ಕಾಣುತ್ತದೆ, ಒಂದೆರಡು ವರ್ಷದಲ್ಲಿ ಮರ ಸೌದೆಯಾಗುತ್ತದೆ. ಸಂಕ್ರಾಂತಿ ಕಳೆದು ಚಳಿ ಸಡಿಲವಾಗುತ್ತಲೇ ಬೆಂಗಳೂರಿನ ಕಾಲೇಜಿನ ಹುಡುಗರು ಪ್ರತಿ ವರ್ಷ ಬಂದು ಛತ್ರದಲ್ಲಿ ಇಳಿಯುತ್ತಿದ್ದರು. ಯಾವ ಮರಕ್ಕೆ ಹುಳ ಹತ್ತಿದೆ, ಯಾವುದಕ್ಕಿಲ್ಲ, ಅದನ್ನು ತಿನ್ನುವ ದುಂಬಿ ನಮ್ಮಲ್ಲಿ ಯಾವುದಾದರೂ ಇದೆಯೇ, ಇದೇ ಅವರ ಕೆಲಸ. ಹುಡುಗಿಯೊಬ್ಬಳು ಬಂದದ್ದು ಆ ವರ್ಷವೇ ಮೊದಲು. ರಾಜಾಜಿನಗರದಲ್ಲಿ ಆಗಷ್ಟೇ ಎದ್ದಿದ್ದ ಮನೆಗಳ ಸಾಲಿನಲ್ಲಿ ಜಗದಾಂಬಾಳ ತಂದೆಯ ಮನೆ, ಅವರು ಗಿರಣಿಯಲ್ಲಿ ಗುಮಾಸ್ತೆ. "ಹೆಣ್ಣು ಮಗೂನ ಕಾಡಿಗೆ ಕಳಿಸೋದಾ?" ಎಂದು ಅವರು ಕೂಗಾಡಿ, ಕಡೆಗೆ ಪ್ರೊಫೆಸರು ಹೊಣೆಯನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡ ಮೇಲೆ ಒಪ್ಪಿದ್ದರು. ಅವಳು ತಪ್ಪಿದರೆ ಅವಳೊಬ್ಬಳೇ ಅಲ್ಲ, ಅವಳ ಹಿಂದೆ ಬರಬೇಕಾದ ಹುಡುಗಿಯರಿಗೂ ಬಾಗಿಲು ಮುಚ್ಚಿದಂತೆ. ಇದನ್ನು ಅವಳಿಗೆ ಎಲ್ಲರೂ ಹೇಳಿದ್ದರು. ಹೇಳಿ ಹೇಳಿ ಅವಳನ್ನು ಹೆದರಿಸಿಟ್ಟಿದ್ದರು.

ಹುಡುಗರ ಜೊತೆ ಛತ್ರದಲ್ಲಿ ಮಲಗುವಂತಿರಲಿಲ್ಲ. ಅದಕ್ಕೇ ಕೋಟೆ ಬೀದಿಯ ಬೋರಮ್ಮನ ಮನೆಯಲ್ಲಿ ಅವಳಿಗೆ ಜಾಗ. ನಿನ್ನೆ ಒಂದು ಕೆಂಪು ದುಂಬಿಯ ಬೆನ್ನು ಹತ್ತಿ ಹೋಗಿ ತೋಪಿನಲ್ಲೇ ಸಂಜೆಯಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಹುಡುಗರಿರುವ ಛತ್ರದ ಬಾಗಿಲು ತಟ್ಟಿದರೆ ಊರು ಸುಮ್ಮನಿರುತ್ತದೆಯೇ? ಒಂದು ರಾತ್ರಿ ತಾನೆ ಎಂದುಕೊಂಡು ಸೀಸೆಯನ್ನು ಸೆರಗಿನ ಮರೆಯಲ್ಲಿ ಮನೆಗೆ ತಂದಳು. ಮಲಗುವ ಕಡೆ ಇಟ್ಟುಕೊಳ್ಳಲು ಭಯವಾಗಿ ಸಾಮಾನಿನ ಕೋಣೆಯ ಗೂಡಿನಲ್ಲಿಟ್ಟಳು. ಸೀಸೆಯ ಮೇಲಿನ ತಲೆಬುರುಡೆಯ ಚೀಟಿ ಹಿಂದಿನ ವಾರದ ಇಬ್ಬನಿಗೆ ನೆನೆದು ಬಿದ್ದುಹೋಗಿತ್ತು. ಬೇರೆ ಅಂಟಿಸಬೇಕು, ಅಂಟಿಸಬೇಕು ಎನ್ನುತ್ತಲೇ ಇದ್ದಳು. ನಾಳೆ ಎಂದವನ ಮನೆ ಹಾಳು ಎಂದು ಸುಮ್ಮನೆ ಹೇಳಿಲ್ಲ.

ಮನೆ ಅಂದು ಮದುವೆಮನೆಯಷ್ಟೇ ಗಲಗಲ ಎನ್ನುತ್ತಿತ್ತು. ಬೋರಮ್ಮನ ಮೊಮ್ಮಗಳು ಶಿವಗಂಗಮ್ಮನಿಗೆ ಮಧ್ಯಾಹ್ನ ಒಪ್ಪುವೀಳ್ಯ. ಹೆಗ್ಗನಹಳ್ಳಿಯಿಂದ ಗಂಡಿನ ಕಡೆಯವರು ಗಾಡಿ ಕಟ್ಟಿಕೊಂಡು ಬರುವವರಿದ್ದರು. ಬೋರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಡಸಾಲೆಯಲ್ಲಿ ರಂಗೋಲಿ ಎಳೆಯುತ್ತಿದ್ದಳು. ಜಗದಾಂಬಾ ಅವಳ ಬಳಿ ಹೋಗಿ ನಿಂತಳು.

"ಅಜ್ಜಿ, ಕೋಣೆ ಗೂಡು ಸಾರಿಸಿದ್ರಾ?"

"ಊಂ ಕಣವ್ವ. ಬೀಗ್ರು ಬತ್ತಾವ್ರೆ, ಗೂಡೆಲ್ಲ ಮಸಿ ಹಿಡ್ದು ಕೂತಿದ್ವು. ನಸುಕ್ನಾಗೇ ಎಲ್ಲಾನೂ ತೆಗ್ದು ಸಾರ್ಸಿಬುಟ್ಟೆ." ಅಜ್ಜಿ ರಂಗೋಲಿಯಿಂದ ತಲೆಯೆತ್ತಿ ನೋಡಿದಳು. "ಯಾಕೆ ಕೂಸೆ? ಏನಾರ ಮಡಗಿದ್ದಾ?"

ಹೇಳಬೇಕಿದ್ದದ್ದು ಆಗಲೇ. ಅಂಥ ಬಾಗಿಲನ್ನು ದೇವರು ಎರಡು ಸಲ ತೆರೆಯುವುದಿಲ್ಲ. ಆದರೆ ಜಗದಾಂಬಾಳ ಕಣ್ಣೆದುರಿಗೆ ಪ್ರೊಫೆಸರ ಮುಖ ಬಂತು, ಅಪ್ಪನ ಮುಖ ಬಂತು. ವಿಷದ ಸೀಸೆಯನ್ನು ನಿಮ್ಮ ಮನೆಯೊಳಗೆ ತಂದಿಟ್ಟಿದ್ದೆ ಎಂದು ಶುಭದ ದಿನ ಹೇಗೆ ಹೇಳುವುದು?

"ಇಲ್ಲ ಅಜ್ಜಿ. ಏನಿಲ್ಲ, ಸುಮ್ನೆ ಕೇಳ್ದೆ."

"ಮುಖ ಯಾಕೆ ಹಂಗೆ ಬೆಳ್ಳಗಾಗೈತೆ? ಎರಡು ಮುದ್ದೆ ಉಣ್ಣು ಅಂದ್ರೆ ಕೋಳಿ ಕುಕ್ಕಿದಂಗೆ ಉಣ್ತೀಯ," ಎಂದು ಅಜ್ಜಿ ಮತ್ತೆ ರಂಗೋಲಿಗೆ ಬಗ್ಗಿದಳು.

ಅಲ್ಲಿಂದ ಜಗದಾಂಬಾ ಕಳ್ಳಿಯ ಹಾಗೆ ಹುಡುಕತೊಡಗಿದಳು. ಸಾರಿಸುವಾಗ ಕೆಳಗಿಳಿಸಿದ್ದ ಡಬ್ಬ, ಕುಡಿಕೆಗಳ ನಡುವೆ ನೋಡಿದಳು. ಅಟ್ಟಕ್ಕೆ ಹತ್ತಿದಳು. ಒನಕೆ ಮೂಲೆ, ಕೊಟ್ಟಿಗೆ, ಹಿತ್ತಲ ತಿಪ್ಪೆ, ಎಲ್ಲಿಯೂ ಇಲ್ಲ. ಬೀದಿಯಲ್ಲಿ ಪುಟ್ಟ ಮಕ್ಕಳು ಏನೋ ಉರುಳಿಸಿಕೊಂಡು ಹೋದ ಸದ್ದಾಯಿತು. ಓಡಿಹೋಗಿ ನೋಡಿದರೆ ತೆಂಗಿನ ಚಿಪ್ಪು. ಒಳಗೆ ಪಾತ್ರೆ ಬಿದ್ದ ಸದ್ದಾದರೂ ಯಾರೋ ಮನುಷ್ಯರೇ ಬಿದ್ದರೆಂದು ಅವಳು ಬಾಗಿಲಿಗೆ ಓಡಿ ಇಣುಕುತ್ತಿದ್ದಳು. ಶಿಬಿರದ ಹುಡುಗರಲ್ಲೊಬ್ಬನಾದ ಜಂಬಣ್ಣ ಬಂದು ಒಯ್ದಿರಬಹುದೇ? ಟ್ರಂಕಿನ ಬೀಗದ ಕೈ ಅವನ ಬಳಿ ಇತ್ತು. ಒಂದು ಸೀಸೆ ಕಡಿಮೆಯಿದೆಯೆಂದು ತಿಳಿದು ಬೆಳಿಗ್ಗೆಯೇ ಬಂದು ಅಜ್ಜಿಯಿಂದ ಇಸಿದುಕೊಂಡು ಹೋಗಿರಬಹುದು. ಹಾಗೆಯೇ ಆಗಿರಬೇಕು. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ ಎಂಬಂತೆ ಅದೊಂದನ್ನು ಹಿಡಿದುಕೊಂಡು ಅವಳು ವೃಷಭಾವತಿ ದಾಟಿ ತೋಪಿಗೆ ಹೊರಟಳು.

ತೋಪಿನೊಳಗೆ ಸರ್ವೆ ಮರಗಳು ಗಾಳಿಗೆ ಹುಯ್ಯೋ ಎನ್ನುತ್ತಿದ್ದವು. ಒಳಗೊಳಗೆ ಹೋದಂತೆ ರೆಂಬೆಗಳೆಲ್ಲ ಬೆಳ್ಳಗೆ. ಇಷ್ಟು ದಿನ ಅದನ್ನು ನೋಡಿ ಅವಳಿಗೆ ಮರುಕವಾಗುತ್ತಿತ್ತು, ಇವತ್ತು ಮೈ ಜುಂ ಎಂದಿತು. ಜಂಬಣ್ಣ ಒಂದು ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಭೂತಗನ್ನಡಿಯಲ್ಲಿ ತೊಗಟೆ ನೋಡುತ್ತಿದ್ದ. ಬಳ್ಳಾರಿ ಕಡೆಯವನು, ಮಾತು ಜಾಸ್ತಿ, ಮನಸ್ಸು ಒಳ್ಳೆಯದು.

"ಜಂಬಣ್ಣ ಅವರೇ, ನನ್ನ ಸೀಸೆ ನೀವು ತಗೊಂಡು ಬಂದ್ರಾ?"

"ನಾನ್ಯಾಕೆ ತರ್ಲಿ? ನಿನ್ನೆ ನೀವು ಕೊಡ್ಲಿಲ್ಲ ಅಂತ ನಾನೇ ಹೆದರಿಕೊಂಡು ಕೂತಿದೀನಿ. ಎಲ್ಲಿಟ್ಟಿದ್ರಿ?"

ಅವಳು ಹೇಳಿದಳು. ಜಂಬಣ್ಣ ಎದ್ದು ನಿಂತ. ಸುತ್ತ ನೋಡಿ ದನಿ ತಗ್ಗಿಸಿದ.

"ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಹೇಳ್ಬೇಡ್ರಿ. ಊರಲ್ಲಿ ಏನ್ ಮಾತಾಡ್ತಿದಾರೆ ಗೊತ್ತೇನು? ಕಾಲೇಜಿನೋರು ಸೀಸೇಲಿ ಹುಳ ತಂದು ಬಿಡ್ತಾರೆ, ಮರ ಒಣಗಿದ ಮೇಲೆ ಸರ್ಕಾರ ತೋಪು ಕಡ್ಕೊಂಡು ಹೋಗುತ್ತೆ ಅಂತ. ಈಗ ವಿಷ ಅಂತ ಬಾಯಿ ಬಿಟ್ರೆ ಕಲ್ಲು ಬೀಳ್ತಾವೆ. ಸಂಜೆ ರೈಲಿಗೆ ಪ್ರೊಫೆಸರು ಬರ್ತಾರೆ, ಅವರೇ ನೋಡ್ಕೊಳ್ಲಿ."

"ಅಷ್ಟರೊಳಗೆ ಯಾರಾದ್ರೂ..."

"ಯಾರೇನ್ ಮಾಡ್ತಾರ್ರೀ ಅದನ್ನ? ತಿನ್ನೋ ವಸ್ತುವೇನು? ನೋಡಿದೋರು ತಳದಾಗೆ ಸುಣ್ಣ ಒಣಗಿ ಕೂತದೆ ಅಂತ ಎತ್ತಿ ಬಿಸಾಕಿರ್ತಾರೆ, ಅಷ್ಟೆ."

ಅವನು ಸಮಾಧಾನಕ್ಕೆ ಹೇಳಿದ್ದು. ಜಗದಾಂಬಾ ಮಾತ್ರ ನಿಂತಲ್ಲೇ ಕಲ್ಲಾದಳು. ಸುಣ್ಣ. ಎಲೆಅಡಿಕೆಯ ಸುಣ್ಣ. ಆ ಗೂಡಿನಲ್ಲಿ ತನ್ನ ಸೀಸೆಯ ಪಕ್ಕ ಇದ್ದದ್ದು ಬೋರಮ್ಮನ ಸುಣ್ಣದ ಕುಡಿಕೆ. ಒಣಗಿದ ಸುಣ್ಣವನ್ನು ಆ ಮನೆಯಲ್ಲಿ ಯಾರೂ ಬಿಸಾಕುವುದಿಲ್ಲ. ನೀರು ಹಾಕಿ ನೆನೆಸುತ್ತಾರೆ, ಕೆದಕುತ್ತಾರೆ, ಮತ್ತೆ ಬೆಣ್ಣೆಯ ಹಾಗೆ ಮಾಡಿಕೊಳ್ಳುತ್ತಾರೆ. ಇವತ್ತು ಆ ಮನೆಯಲ್ಲಿ ಇಡೀ ಎರಡು ಊರಿನ ಹಿರಿಯರು ಕೂತು ಎಲೆ ಹಾಕಿಕೊಳ್ಳುವ ದಿನ.

"ಏನ್ರೀ? ಜಗದಾಂಬಾ ಅವರೇ?" ಎಂದು ಜಂಬಣ್ಣ ಕೂಗುತ್ತಿದ್ದ. ಅವಳು ಆಗಲೇ ಓಡುತ್ತಿದ್ದಳು.

ಸೀರೆಯ ನಿರಿಗೆ ಎತ್ತಿ ಹಿಡಿದು ಅವಳು ಹೊಳೆಯ ಮರಳಿನಲ್ಲಿ ಬಿದ್ದು ಎದ್ದು ಓಡಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಏನವ್ವಾ ಎಂದರು, ನಿಲ್ಲಲಿಲ್ಲ. ತಾಯಿ, ಬೀಗರು ಇನ್ನೂ ಬಂದಿರದೆ ಇರಲಿ, ಗಾಡಿಯ ಗಾಲಿ ಮುರಿದು ದಾರಿಯಲ್ಲೇ ಕೂತಿರಲಿ ಎಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಕೋಟೆ ಬೀದಿಗೆ ತಿರುಗಿದಾಗ ಮನೆಯ ಮುಂದೆ ಎತ್ತು ಬಿಚ್ಚಿದ ಗಾಡಿಗಳು ಸಾಲಾಗಿ ನಿಂತಿದ್ದವು.

ಮುಂಬಾಗಿಲು ಜನರಿಂದ ಕಿಕ್ಕಿರಿದಿತ್ತು. ಅವಳು ಸುತ್ತು ಹಾಕಿ ಹಿತ್ತಲಿಗೆ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳ ಸೀಸೆ ಬೋರಲಾಗಿತ್ತು. ಬೆಳಿಗ್ಗೆ ಅಲ್ಲಿರಲಿಲ್ಲ, ಈಗ ತೊಳೆದು ಒಣಗಲು ಇಟ್ಟಿದ್ದಾರೆ. ಎತ್ತಿ ನೋಡಿದಳು. ತಳದ ಬಿಳುಪನ್ನು ಕೆದಕಿ ಕೆದಕಿ ಚೊಕ್ಕಟವಾಗಿ ತೆಗೆದಿದ್ದರು. ತೊಳೆದ ನೀರು ಬಚ್ಚಲ ಮೋರಿಗೆ ಹರಿದಿತ್ತು. ಮೋರಿಯ ಪಕ್ಕದಲ್ಲಿ ಒಂದು ಹೇಂಟೆ ಅಡ್ಡ ಬಿದ್ದಿತ್ತು. ಕಾಲು ಸೆಟೆದಿದ್ದವು, ಕೊಕ್ಕು ತೆರೆದಿತ್ತು. ಅದನ್ನು ನೋಡಿದ ಮೇಲೆ ಅವಳಿಗೆ ಯಾವ ಅನುಮಾನವೂ ಉಳಿಯಲಿಲ್ಲ.

ಒಪ್ಪುವೀಳ್ಯ ಎಂದರೆ ಆ ಸೀಮೆಯವರಿಗೆ ಹುಡುಗಾಟದ ಮಾತಲ್ಲ. ಹೆಣ್ಣಿನ ಕಡೆಯವರು ಕೊಟ್ಟ ಎಲೆಅಡಿಕೆಯನ್ನು ಗಂಡಿನ ಕಡೆಯವರು, ಗಂಡಿನವರು ಕೊಟ್ಟದ್ದನ್ನು ಹೆಣ್ಣಿನವರು, ಸಭೆಯ ಎದುರಿಗೆ ಅಗಿಯಬೇಕು. ಅಗಿದರೆ ಮಾತು ಮುಗಿಯಿತು, ಮದುವೆ ಆದಂತೆಯೇ ಲೆಕ್ಕ. ಅಗಿಯದೆ ಕೆಳಗಿಟ್ಟರೆ, ಬಾಯಿಗಿಟ್ಟದ್ದನ್ನು ಉಗಿದರೆ, ಮಾತನ್ನೇ ಉಗಿದಂತೆ. ಎಲೆ ವಾಪಸಾದ ಹುಡುಗಿಯ ಮನೆಗೆ ಇನ್ನೊಂದು ಗಂಡು ಬರುವುದು ಸುಲಭವಲ್ಲ.

ಅಡಿಗೆಮನೆಯಿಂದ ನುಗ್ಗಿ ಜಗದಾಂಬಾ ಪಡಸಾಲೆಯ ಬಾಗಿಲಿಗೆ ಬಂದಾಗ ಹಿತ್ತಾಳೆ ತಟ್ಟೆಗಳು ಅದಲು ಬದಲಾಗಿದ್ದವು. ಜಮಖಾನದ ಮೇಲೆ ಎರಡು ಸಾಲು. ಒಂದು ಕಡೆ ಬೋರಮ್ಮನ ಮಗ ಬೈರಪ್ಪ, ಇನ್ನೊಂದು ಕಡೆ ಗಂಡಿನ ಅಜ್ಜ ಹನುಮಯ್ಯ, ಬಿಳಿ ಮೀಸೆಯ ದೊಡ್ಡ ಆಳು. ನಡುವೆ ಸುಣ್ಣದ ಬಟ್ಟಲು. ಹನುಮಯ್ಯ ಎಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಮುರಿದು, ಬೆರಳ ತುದಿಯಿಂದ ಸುಣ್ಣ ತೆಗೆದು ನಿಧಾನವಾಗಿ ಸವರುತ್ತಿದ್ದ. ಎಲ್ಲರೂ ಅವನು ಬಾಯಿಗಿಡುವುದನ್ನೇ ಕಾಯುತ್ತಿದ್ದರು. ಜಗದಾಂಬಾ ಬಾಯಿ ತೆರೆದಳು. ಹನುಮಯ್ಯ ಎಲೆ ಮಡಿಸಿದ. ಅವಳು ಮತ್ತೆ ಬಾಯಿ ತೆರೆದಳು. ಅವನ ಕೈ ಮೀಸೆಯ ಹತ್ತಿರ ಬಂತು.

"ಬಾಯಿಗಿಡಬೇಡಿ! ಯಾರೂ ಬಾಯಿಗಿಡಬೇಡಿ! ಸುಣ್ಣದಲ್ಲಿ ವಿಷ ಇದೆ!"

ಎಲ್ಲರೂ ಒಟ್ಟಿಗೆ ಮಾತಾಡಿದರು. ಗಂಡಿನ ಕಡೆಯ ಹೆಂಗಸೊಬ್ಬಳು ಶಿವ ಶಿವಾ ಎಂದು ಕಿವಿ ಮುಚ್ಚಿಕೊಂಡಳು. ಬೈರಪ್ಪ ಎದ್ದು ನಿಂತ. ಅವನ ಕಣ್ಣು ಕೆಂಪಗಾಗಿತ್ತು.

"ಏನಮ್ಮಾ ಇದು? ಮನೇಲಿ ಜಾಗ ಕೊಟ್ಟಿದ್ದಕ್ಕೆ ಇದಾ ನೀನು ಮಾಡೋದು? ಸುಭದ ಹೊತ್ನಾಗೆ ಇಸ ಗಿಸ ಅಂತೀಯಲ್ಲ!"

"ಯಾರಪ್ಪ ಈ ಹುಡ್ಗಿ?" ಎಂದ ಹನುಮಯ್ಯ. ಮಡಿಸಿದ ಎಲೆ ಅವನ ಬೆರಳಲ್ಲೇ ಇತ್ತು. "ಎಲೆ ಬಾಯಿಗಿಡೋ ಹೊತ್ಗೆ ಅಡ್ಡ ಬಂದ್ಲು. ನಮ್ಮ ಬಾಯಿಗೆ ನೀವು ಏನು ಹಾಕಾಕೆ ಹೊಂಟಿದ್ರಿ ಬೈರಪ್ಪನೋರೆ?"

ಆ ಮಾತು ಬೋರಮ್ಮನಿಗೆ ಚಾಟಿಯಂತೆ ಬಿತ್ತು. ಬಾಗಿಲ ಬಳಿ ಕೂತಿದ್ದ ಮುದುಕಿ ಎದ್ದಳು. ಎದ್ದಾಗ ಒಂದು ಸಲ ತೂರಾಡಿ ಕಂಬ ಹಿಡಿದುಕೊಂಡಳು. ಆಮೇಲೆ ನೆಟ್ಟಗೆ ನಡೆದು ಬಂದು ಸುಣ್ಣದ ಬಟ್ಟಲು ಎತ್ತಿಕೊಂಡಳು.

"ಇದು ನಾನು ನೆನೆಸಿದ ಸುಣ್ಣ. ನನ್ನ ಕೈಯಾರೆ ಕಲ್ಸಿದೀನಿ. ಹಲ್ಲು ಬಿದ್ದೋಗೋಗಂಟ ಎಲೆ ಹಾಕ್ದೋಳು ನಾನು, ನನ್ನ ಮನೆ ಸುಣ್ಣ ಇಸ ಅಂತ ಯಾರ್ ಅಂದೋರು? ನಮ್ಮ ಮಗೀನ ಬಾಳು ನಿಂತೈತೆ ಇದ್ರ ಮ್ಯಾಲೆ. ನೋಡ್ರಪ್ಪ, ಎಲ್ರೂ ನೋಡ್ರಿ!"

ಎನ್ನುತ್ತಾ ಬೆರಳು ಅದ್ದಿ ನಾಲಿಗೆಯ ಬಳಿ ಒಯ್ದಳು.

ಜಗದಾಂಬಾ ಜಮಖಾನ ತುಳಿದುಕೊಂಡು, ಹಿರಿಯರ ತೊಡೆಗಳನ್ನು ದಾಟಿಕೊಂಡು ಹಾರಿಬಿದ್ದು, ಬೆರಳು ನಾಲಿಗೆ ಮುಟ್ಟುವ ಮೊದಲೇ ಮುದುಕಿಯ ಮಣಿಕಟ್ಟು ಹಿಡಿದಳು. ಬಟ್ಟಲು ಉರುಳಿತು. ಬೋರಮ್ಮ ಕೊಸರಿಕೊಂಡಳು, ದುಡಿದ ಕೈಯ ಬಲ ಅದು. ಜಗದಾಂಬಾ ಎರಡೂ ಕೈಯಿಂದ ಜೋತುಬಿದ್ದಳು.

"ಅಜ್ಜಿ, ಬೇಡ ಅಜ್ಜಿ! ಅದು ಸುಣ್ಣ ಅಲ್ಲ. ನನ್ನ ಸೀಸೆ ಅದು. ಹುಳ ಕೊಲ್ಲೋ ಸೀಸೆ. ನಾನೇ ಗೂಡಲ್ಲಿಟ್ಟಿದ್ದೆ. ಬೆಳಿಗ್ಗೆ ನೀವು ಕೇಳಿದ್ರಿ, ನಾನು ಸುಳ್ಳು ಹೇಳ್ದೆ. ನಿಮ್ಮ ತಪ್ಪಲ್ಲ. ಯಾರ ತಪ್ಪೂ ಅಲ್ಲ, ನಂದು, ನಂದೊಬ್ಬಳದೇ!"

ಬೋರಮ್ಮ ಕೊಸರುವುದನ್ನು ನಿಲ್ಲಿಸಿದಳು. ಹುಡುಗಿಯ ಮಾತು ಅವಳ ತಲೆಗೆ ಹೋಯಿತೋ ಇಲ್ಲವೋ, ತನ್ನ ಮಣಿಕಟ್ಟು ಹಿಡಿದ ಕೈಗಳು ಗಡಗಡ ನಡುಗುತ್ತಿದ್ದದ್ದು ಅವಳಿಗೆ ತಿಳಿಯಿತು. ಹುಡುಗಿಯ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಸುಳ್ಳು ಹೇಳುವವರನ್ನು ಬೋರಮ್ಮ ಬೇಕಾದಷ್ಟು ನೋಡಿದ್ದಳು. ಹೀಗೆ ನಡುಗುವವರನ್ನು ಹೆರಿಗೆಮನೆಯಲ್ಲಿ, ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದಳು.

"ಎಲೆ ಕೆಳಗೆ ಮಡಗ್ರಿ," ಎಂದಳು ಮೆಲ್ಲಗೆ. "ಬೀಗ್ರೆ, ಕೆಳಗೆ ಮಡಗ್ರಿ. ಮಗೀನ ಈ ಭಯ ಸುಳ್ಳಲ್ಲ. ಸಂತೆಯಿಂದ ಮಗ ತಂದ ಸುಣ್ಣ ಅಂತ ಒಲೆ ಹಿಂದೆ ನೆನೆ ಹಾಕಿದ್ದೆ ನಾನು. ಕೆದಕ್ದಾಗ್ಲಿಂದ ತಲೆ ಗಿರ್ ಅಂತೈತೆ, ಉಪಾಸಕ್ಕೆ ಅಂತ ಸುಮ್ಕಿದ್ದೆ."

ಒಪ್ಪುವೀಳ್ಯ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು ಅಜ್ಜಿ ಹಟ ಹಿಡಿದು ಬೆಳಿಗ್ಗೆಯಿಂದ ಎಲೆಯನ್ನೂ ಮುಟ್ಟಿರಲಿಲ್ಲ. ಆ ಉಪವಾಸವೊಂದು ಅವಳನ್ನು ಉಳಿಸಿತ್ತು.

ಹನುಮಯ್ಯ ಎಲೆಯನ್ನು ಕೆಳಗಿಟ್ಟ. ಅವನ ಕಡೆಯವರೆಲ್ಲ ಇಟ್ಟರು. ಇಟ್ಟು ಎದ್ದರು. ಹೆಗಲ ಮೇಲಿನ ಟವೆಲು ಕೊಡವಿಕೊಂಡು ಯಾರೋ, "ಎತ್ತು ಕಟ್ರೋ" ಎಂದರು. ಒಳಗೆ ಶಿವಗಂಗಮ್ಮ ಬಿಕ್ಕಿದ್ದು ಪಡಸಾಲೆಗೆ ಕೇಳಿಸಿತು. ಬೈರಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ಜಗದಾಂಬಾ ಯಾವುದನ್ನೂ ನೋಡಲಿಲ್ಲ. ಬೋರಮ್ಮನನ್ನು ಎಳೆದುಕೊಂಡು ಹಿತ್ತಲಿಗೆ ಹೋದಳು. ಬಾವಿಯಿಂದ ನೀರು ಸೇದಿ ಸೇದಿ ಅವಳ ಕೈಗಳ ಮೇಲೆ ಸುರಿದು ಸೀಗೆಪುಡಿ ಹಾಕಿ ಉಜ್ಜತೊಡಗಿದಳು. ಉಗುರಿನ ಸಂದಿಯಲ್ಲಿ ಬಿಳಿಯ ಚೂರುಗಳಿದ್ದವು. ಕಡ್ಡಿಯಿಂದ ತೆಗೆದಳು, ಮತ್ತೆ ತೊಳೆದಳು, ಮತ್ತೆ ಮೂಸಿ ನೋಡಿದಳು, ಮತ್ತೆ ತೊಳೆದಳು.

"ಬುಡು ಕೂಸೆ, ಚರ್ಮ ಕಿತ್ಕೊಂಡು ಬತ್ತದೆ."

ಅವಳು ಬಿಡಲಿಲ್ಲ. ಬೋರಮ್ಮ ಅವಳ ಬಗ್ಗಿದ ತಲೆಯನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ಕೇಳಿದ್ನಲ್ಲ. ಆಗ್ಲೇ ಯಾಕೆ ಅನ್ಲಿಲ್ಲ ನೀನು?"

"ನನ್ನ ಓದು ಹೋಗುತ್ತೆ ಅಂತ ಹೆದರಿದೆ ಅಜ್ಜಿ."

"ಈಗ ಹೋಗಲ್ವಾ?"

"ಹೋಗುತ್ತೆ. ಸಂಜೆ ಪ್ರೊಫೆಸರು ಬರ್ತಾರೆ, ನಾನೇ ಹೇಳ್ತೀನಿ."

ಬೋರಮ್ಮ ಒದ್ದೆ ಕೈಗಳನ್ನು ಮತ್ತೆ ಅವಳ ಮುಂದೆ ಚಾಚಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಜಗದಾಂಬಾಗೆ.

ಹನುಮಯ್ಯ ಹೊರಡುವ ಮುಂಚೆ ಸುಣ್ಣದ ಬೆರಳು ತೊಳೆಯಲು ಹಿತ್ತಲಿಗೆ ಬಂದಿದ್ದ. ಇಬ್ಬರೂ ಅವನನ್ನು ನೋಡಿರಲಿಲ್ಲ. ಅವನು ಮೋರಿಯ ಪಕ್ಕ ನಿಂತಿದ್ದ, ಸತ್ತ ಹೇಂಟೆಯ ಎದುರಿಗೆ. ಕಾಲಿನ ಹೆಬ್ಬೆರಳಿಂದ ಅದನ್ನು ಮೆಲ್ಲಗೆ ಮುಟ್ಟಿದ. ತನ್ನ ಬೆರಳು ನೋಡಿಕೊಂಡ. ಬೆರಳನ್ನು ಮೈಯಿಂದ ದೂರ ಹಿಡಿದುಕೊಂಡು ಬಾವಿಯ ಹತ್ತಿರ ಬಂದು, "ನಂಗೂ ವಸಿ ಹುಯ್ಯವ್ವ" ಎಂದ. ಜಗದಾಂಬಾ ಅವನ ಕೈಯನ್ನೂ ಹಾಗೆಯೇ ಉಜ್ಜಿದಳು.

ಒಳಗೆ ಬಂದು ಅವನು ತನ್ನವರಿಗೆ, "ಎತ್ತು ಕಟ್ಬ್ಯಾಡ್ರೋ. ಕೂತ್ಕಳಿ" ಎಂದ. "ಈ ಮನೇಲಿ ನಮ್ಗೆ ಇಸ ಹಾಕ್ಲಿಲ್ಲ, ಇಸದಿಂದ ಉಳ್ಸಿದ್ರು. ಸುಣ್ಣ ಇಲ್ದಲೆ ಬರೀ ಎಲೆ ಅಡ್ಕೆ ಅಗಿಯಣ. ಬಾಯಿ ಕೆಂಪಗಾಗ್ದಿದ್ರೆ ಮಾತು ಕೆಡ್ತದಾ?"

ಎಲ್ಲರೂ ಕೂತರು. ಬೈರಪ್ಪ ಬೇರೆ ತಟ್ಟೆ ತರಿಸಿದ. ಎಲೆ ಬಂತು, ಕತ್ತರಿಸಿದ ಅಡಿಕೆ ಬಂತು. ಕೈ ಮಾತ್ರ ಯಾರದೂ ಮುಂದೆ ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕೂತುಕೊಳ್ಳಿ ಎಂದ ಹನುಮಯ್ಯನೇ ಎಲೆ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹೆದರಿಕೆಗೆ ಹಿರಿಯರು ಕಿರಿಯರು ಎಂಬುದಿಲ್ಲ.

"ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ," ಎಂದ ಕಡೆಗೆ, ಬಾಗಿಲಲ್ಲಿ ನಿಂತಿದ್ದ ಜಗದಾಂಬಾ ಕಡೆ ತಿರುಗಿ. "ನಮ್ಮೋರ ಕೈ ಏಳ್ತಿಲ್ಲ. ನಿಂಗೆ ಗೊತ್ತಿರೋ ಇಸ. ನೀನು ಮೊದ್ಲು ಅಗಿ. ಆಮ್ಯಾಕೆ ನಾವು."

ಓದುವ ಮಕ್ಕಳು ಎಲೆ ಹಾಕಿದರೆ ನಾಲಿಗೆ ದಪ್ಪವಾಗಿ ವಿದ್ಯೆ ಹತ್ತುವುದಿಲ್ಲ ಎಂದು ಅವಳ ಮನೆಯಲ್ಲಿ ಒಂದು ದಿನವೂ ಎಲೆ ಮುಟ್ಟಿಸಿರಲಿಲ್ಲ. ಅವಳು ಬಂದು ಜಮಖಾನದ ನಡುವೆ ಕೂತಳು. ಎಲೆ ತೆಗೆದುಕೊಂಡಳು. ಅದರೊಳಗೆ ಅಡಿಕೆಯ ಚೂರುಗಳನ್ನಿಟ್ಟು ಮಡಿಸಿದಳು. ಅಷ್ಟೂ ಜನರ ಕಣ್ಣು ಅವಳ ಕೈಯ ಮೇಲಿತ್ತು. ಎಲೆ ತುಟಿಗೆ ತಾಕಿತು. ಆಗ ಅವಳಿಗೆ ಇನ್ನೊಂದು ಹೊಳೆಯಿತು. ತಳದ ಗಾರೆ ಕಲ್ಲಿನಂತೆ ಗಟ್ಟಿ. ನೆನೆಸಿದರೂ ಬೆರಳಿಗೆ ಬರುವಂಥದಲ್ಲ.

ಈಗ ಬಾಯಿ ಬಿಟ್ಟರೆ ಈ ಎಲೆಯೂ ಕೆಳಗಿಳಿಯುತ್ತದೆ. ಎರಡನೆಯ ಸಲ ಕೆಳಗಿಳಿದ ಎಲೆಯನ್ನು ಯಾರು ಎತ್ತುತ್ತಾರೆ? ಒಳಗೆ ಶಿವಗಂಗಮ್ಮ ಅಳು ನಿಲ್ಲಿಸಿ ಕಿವಿಗೊಟ್ಟು ಕೂತಿದ್ದಳು. ಅದೆಲ್ಲ ಜಗದಾಂಬಾಗೆ ಗೊತ್ತಿತ್ತು. ಅವಳು ಎಲೆಯನ್ನು ತುಟಿಯಿಂದ ಇಳಿಸಿ, ಸಭೆಗೆಲ್ಲ ಕೇಳುವಂತೆ ಕೇಳಿದಳು.

"ಅಜ್ಜಿ, ಸೀಸೆ ತಳ ಯಾತರಲ್ಲಿ ಕೆದಕಿದ್ರಿ?"

"ಚಾಕು ಮೊಂಡಾಗಿತ್ತು ಅಂತ, ಅಡಕತ್ತರಿ..." ಎಂದ ಬೋರಮ್ಮ ಅಲ್ಲೇ ನಿಂತಳು. ಬಾಯಿಗೆ ಸೆರಗು ಒತ್ತಿಕೊಂಡಳು. "ಅಡಕತ್ತರಿ ಮೂತೀಲೇ ಕಣೇ ಕೂಸೆ. ಅದ್ರಲ್ಲೇ ಅಡ್ಕೇನೂ ಕತ್ತರ್ಸಿದ್ದು."

ಹನುಮಯ್ಯ ತನ್ನ ಎಲೆಯೊಳಗಿನ ಅಡಿಕೆಯನ್ನು ನೋಡಿದ. ಹಾವನ್ನು ಬಿಡುವ ಹಾಗೆ ತಟ್ಟೆಗೆ ಬಿಟ್ಟ. ಬೈರಪ್ಪನಾದರೋ ಈ ಸಲ ಹುಡುಗಿಯನ್ನು ಬೈಯಲಿಲ್ಲ. ತಟ್ಟೆ, ಬಟ್ಟಲು, ಅಡಕತ್ತರಿ ಎಲ್ಲವನ್ನೂ ಒಂದು ಹಳೆಯ ಗೋಣಿಗೆ ಸುತ್ತಿ, ಹೂಳಲು ಹಿತ್ತಲಾಚೆ ಕಳಿಸಿದ.

ಆಮೇಲೆ ಹನುಮಯ್ಯ ತಮ್ಮ ಗಾಡಿಯಲ್ಲಿದ್ದ ಎಲೆಯ ಕಟ್ಟನ್ನು ತರಿಸಿದ. ಬಾವಿಯ ನೀರಲ್ಲಿ ಅದನ್ನು ತೊಳೆದು ಮುತ್ತುಗದೆಲೆಯ ಮೇಲೆ ಹರಡಿದರು. ಸುಣ್ಣವಿಲ್ಲ, ಅಡಿಕೆಯಿಲ್ಲ, ಬರಿಯ ಹಸಿ ಎಲೆ.

"ಮೇಕೆ ತಿಂದಂಗೆ ತಿನ್ನಣ ಬುಡ್ರಪ್ಪ ಇವತ್ತು," ಎಂದ ಹನುಮಯ್ಯ. ಯಾರಿಗೂ ನಗು ಬರಲಿಲ್ಲ. ಅವನು ಜಗದಾಂಬಾ ಮುಖ ನೋಡಿದ.

ಅವಳು ಒಂದು ಎಲೆ ತೆಗೆದುಕೊಂಡಳು. ತನ್ನ ಕೈ ಎಷ್ಟು ಸಲ ತೊಳೆದಿದ್ದಳೆಂದು ನೆನಪಿಸಿಕೊಂಡಳು. ನೆನಪಿನಿಂದ ಏನೂ ಧೈರ್ಯ ಬರಲಿಲ್ಲ. ಎಲೆಯನ್ನು ಬಾಯಿಗಿಟ್ಟು ಅಗಿದಳು. ಖಾರ ಕಿವಿಗೆ ಹತ್ತಿತು, ಕಣ್ಣಲ್ಲಿ ನೀರು ಬಂತು. ಆ ನೀರು ಕಂಡು ಗಂಡಿನ ಕಡೆಯ ಹೆಂಗಸರು ಹಿಂದಕ್ಕೆ ಸರಿದರು. ಎರಡೂ ಸಾಲಿನವರು, ಅವಳು ನುಂಗುತ್ತಾಳೆಯೇ, ನುಂಗಿ ಕೂತಿರುತ್ತಾಳೆಯೇ ಎಂದು ಅವಳ ಗಂಟಲನ್ನೇ ನೋಡುತ್ತಿದ್ದರು.

ಬೋರಮ್ಮ ಮಾತ್ರ ಕಾಯಲಿಲ್ಲ. ಬೈರಪ್ಪ "ಅವ್ವಾ, ತಡಿ" ಎನ್ನುತ್ತಿದ್ದ ಹಾಗೆಯೇ ಹುಡುಗಿಯ ಪಕ್ಕಕ್ಕೆ ಬಂದು ಕೂತು, ತಾನೂ ಒಂದು ಎಲೆ ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿಯಲ್ಲಿ ಅದನ್ನು ಜಗಿಯುತ್ತಾ ಜಗದಾಂಬಾಳ ಬೆನ್ನ ಮೇಲೆ ಕೈಯಿಟ್ಟಳು.